ರೋಗವನ್ನು ಹೊತ್ತು ತಂದವರಾರು?

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಏಲಕ್ಕಿಯ ಕಟ್ಟೆ ರೋಗವನ್ನೂ ಗಂಧದ ಮರದ ಸ್ಪೈಕ್ ರೋಗವನ್ನೂ ಕುರಿತು ಬರೆಯುತ್ತೇನೆಂದೆ. ಅವರು ಕ್ಷಣಕಾಲ ನನ್ನ ಮುಖವನ್ನೇ ನೋಡಿ, "ಮಾರಾಯ, ಇದು ಕಲಾ ಕಾಲೇಜು, ಕೃಷಿ ಕಾಲೇಜಲ್ಲ" ಎಂದು ನಕ್ಕರು. ಅವರ ನಗೆ ಸಹಜವಾದುದೇ. ಚರಿತ್ರೆ, ಅರ್ಥಶಾಸ್ತ್ರ, ಸಾಹಿತ್ಯಗಳನ್ನು ಓದುವ ನಮಗೂ ಹೇನು ಜಿಗಿಹುಳುಗಳಿಗೂ ಏನು ಸಂಬಂಧ? ಆದರೆ ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ರೈತರ ಮನೆಗಳಿಂದ ಬಂದವರು. ರಜೆ ಬಂದೊಡನೆ ನಾವು ಹೋಗಿ ನಿಲ್ಲುವುದು ಗದ್ದೆಯ ಬದುವಿನ ಮೇಲೆ, ತೋಟದ ನೆರಳಿನಲ್ಲಿ. ಅಲ್ಲಿ ಒಂದು ಗಿಡ ಸೊರಗಿದರೆ ಇಲ್ಲಿ ಒಬ್ಬ ವಿದ್ಯಾರ್ಥಿಯ ಶುಲ್ಕ ತಡವಾಗುತ್ತದೆ. ಇದಕ್ಕಿಂತ ಹತ್ತಿರದ ಸಂಬಂಧ ಬೇರೆ ಯಾವುದು?

ಈ ವಿಷಯವನ್ನು ಆರಿಸಿಕೊಂಡುದಕ್ಕೆ ನನ್ನದೇ ಆದ ಒಂದು ಕಾರಣವೂ ಉಂಟು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಊರು ಸಕಲೇಶಪುರದ ಕಡೆಯದು. ಮನೆಯ ಹಿಂದಿನ ಕಣಿವೆಯಲ್ಲಿ ನನ್ನ ತಾತನವರಿಗೆ ಎರಡು ಎಕರೆ ಏಲಕ್ಕಿ ಇತ್ತು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಒಂದು ಮಳೆಗಾಲ ಅವರು ನೆಂಟರೊಬ್ಬರ ತೋಟದಿಂದ ಕಂದುಗಳನ್ನು ತಂದು, ಸತ್ತ ಬುಡಗಳ ಜಾಗದಲ್ಲಿ ನೆಟ್ಟರು. ಮರುವರ್ಷ ಆ ಸಾಲಿನ ಎಳೆಯ ಎಲೆಗಳಲ್ಲಿ ತಿಳಿಹಸಿರಿನ ಸಣ್ಣ ಚುಕ್ಕೆಗಳು ಕಂಡುವು. ಚುಕ್ಕೆಗಳು ನೀಳವಾಗಿ ಗೆರೆಗಳಾದುವು. ಗೆರೆಗಳು ನಡುನರದಿಂದ ಅಂಚಿನವರೆಗೆ ಸಾಲಾಗಿ ಹಬ್ಬಿದುವು. ಗಿಡಗಳು ಒಮ್ಮೆಗೇ ಸಾಯಲಿಲ್ಲ. ಸತ್ತಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ, ಕಾಯಿ ಕಡಮೆಮಾಡುತ್ತ, ಹಸಿರಾಗಿಯೇ ನಿಂತಿದ್ದುವು. ನಾಲ್ಕು ವರ್ಷಗಳಲ್ಲಿ ತೋಟ ಮುಗಿಯಿತು. ಬೇಲಿಯಾಚೆಯ ನೆರೆಯವರ ತೋಟದಲ್ಲಿಯೂ ಅದೇ ಗೆರೆಗಳಿದ್ದುದನ್ನು ತಾತ ಕಂಡರು. ರೋಗ ಅಲ್ಲಿಂದಲೇ ದಾಟಿ ಬಂದಿತೆಂದು ನಿಶ್ಚಯಿಸಿದರು. ಮಾತಿಗೆ ಮಾತು ಬೆಳೆಯಿತು. ಎರಡು ಮನೆಗಳ ನಡುವೆ ಮಾತುಕತೆ ನಿಂತು ಹನ್ನೆರಡು ವರ್ಷಗಳಾದುವು. ಮದುವೆಗಳು ಆದುವು, ಸಾವುಗಳು ಆದುವು. ಯಾರೂ ಯಾರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ.

ಈಚೆಗೆ ನಾನು ಕಟ್ಟೆ ರೋಗದ ವಿಚಾರ ಓದತೊಡಗಿದಾಗ, ತಾತ ಮಾಡಿದ ನಿರ್ಣಯ ತಲೆಕೆಳಗಾಗಿತ್ತೆಂಬುದು ತಿಳಿಯಿತು. ಅದು ಹೇಗೆಂಬುದನ್ನು ಹೇಳಬೇಕಾದರೆ ರೋಗದ ಮರ್ಮವನ್ನು ಸ್ವಲ್ಪ ವಿವರಿಸಬೇಕು.

ಮನುಷ್ಯನ ರೋಗಗಳ ವಿಷಯದಲ್ಲಿ ನಮಗೆ ಒಂದು ತಿಳಿವಳಿಕೆ ಬಂದಿದೆ. ಮಲೇರಿಯಾ ಎಂದರೆ ಸೊಳ್ಳೆ, ಪ್ಲೇಗು ಎಂದರೆ ಇಲಿಯ ಚಿಗಟ ಎಂಬುದನ್ನು ಶಾಲೆಯ ಹುಡುಗನೂ ಬಲ್ಲ. ಆದರೆ ಸಸ್ಯಕ್ಕೆ ರೋಗ ಬಂದಾಗ ನಾವು ಇನ್ನೂ ಮಣ್ಣನ್ನೋ ಮಳೆಯನ್ನೋ ಗೊಬ್ಬರವನ್ನೋ ದೂರುತ್ತೇವೆ. ಏನೂ ತೋಚದಿದ್ದರೆ ನೆರೆಯವನ ಕಣ್ಣನ್ನು ದೂರುತ್ತೇವೆ. ಗಿಡ ನಿಂತಲ್ಲೇ ನಿಂತಿರುತ್ತದೆ. ಅದರೊಳಗಿನ ವೈರಸ್ಸಿಗೆ ಕಾಲೂ ಇಲ್ಲ, ರೆಕ್ಕೆಯೂ ಇಲ್ಲ. ಹಾಗಿದ್ದ ಮೇಲೆ ಅದು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಯಾರಾದರೂ ಹೊತ್ತೊಯ್ಯಲೇ ಬೇಕು. ಆ ಹೊರೆಯಾಳು ಬಹುಮಟ್ಟಿಗೆ ರಸ ಹೀರುವ ಕೀಟ. ಆದ್ದರಿಂದ ಇಂಥ ರೋಗವನ್ನು ರೋಗಾಣುವಿಗೂ ಗಿಡಕ್ಕೂ ನಡೆಯುವ ಇಬ್ಬರ ಜಗಳವೆಂದು ತಿಳಿಯುವುದು ತಪ್ಪು. ಅದು ರೋಗಾಣು, ಗಿಡ, ಕೀಟ ಈ ಮೂವರ ಸಂಸಾರ. ಇಬ್ಬರನ್ನು ಮಾತ್ರ ಕಂಡು ಮೂರನೆಯವನನ್ನು ಮರೆತವನಿಗೆ ರೋಗ ಅರ್ಥವಾಗುವುದಿಲ್ಲ. ಅರ್ಥವಾಗದೆ ಮಾಡಿದ ಚಿಕಿತ್ಸೆ ಕೆಲವು ವೇಳೆ ರೋಗವನ್ನೇ ಬೆಳೆಸುತ್ತದೆ. ಇದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಕಟ್ಟೆಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಕಾರಣ ಒಂದು ವೈರಸ್. ಅದನ್ನು ಸಾಗಿಸುವುದು ಬಾಳೆಯ ಹೇನಿನ ಹತ್ತಿರದ ಬಂಧುವಾದ ಒಂದು ಕಪ್ಪುಛಾಯೆಯ ಸಸ್ಯಹೇನು. ಅದು ಏಲಕ್ಕಿಯ ಎಲೆಗವಚಗಳ ಸಂದಿನಲ್ಲಿ ಅಡಗಿರುತ್ತದೆ. ಕೆಸುವಿನ ಗಿಡದಲ್ಲಿಯೂ ಸುಖವಾಗಿ ಬೆಳೆಯುತ್ತದೆ. ರೋಗದ ಗಿಡವನ್ನು ಕೆಲವೇ ನಿಮಿಷ ಚುಚ್ಚಿದರೆ ಸಾಕು, ವೈರಸ್ ಅದರ ಸೂಜಿಯಂಥ ಬಾಯಿಯ ತುದಿಗೆ ಅಂಟಿಕೊಳ್ಳುತ್ತದೆ. ಮುಂದಿನ ಗಿಡವನ್ನು ಚುಚ್ಚಿದೊಡನೆ ಅಲ್ಲಿಗೆ ಇಳಿಯುತ್ತದೆ. ಹೇನಿನ ಹೊಟ್ಟೆಯೊಳಗೆ ಅದು ನೆಲಸುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಹೇನಿನ ಬಾಯಿ ಶುದ್ಧವಾಗಿಬಿಡುತ್ತದೆ. ಅಂಚೆಯವನು ಕಾಗದವನ್ನು ಓದದೆಯೇ ಮನೆಗೆ ಮುಟ್ಟಿಸುವಂತೆ ಇದು ಕೈಬದಲಾವಣೆಯ ಸಾಗಾಟ, ಅಷ್ಟೆ.

ಈಗ ನಮ್ಮ ತೋಟದಲ್ಲಿ ಏನಾಯಿತೆಂಬುದನ್ನು ಯೋಚಿಸಿ. ಹೇನನ್ನು ಕೊಂದರೆ ರೋಗ ನಿಲ್ಲುತ್ತದೆಂದು ಯಾರೋ ಹೇಳಿದರು. ತಾತ ಸಾಲ ಮಾಡಿ ಔಷಧಿ ತಂದು ಸಿಂಪಡಿಸಿದರು. ಔಷಧಿ ತಗುಲಿದ ಹೇನು ಸಾಯುತ್ತದೆ, ನಿಜ. ಆದರೆ ಸಾಯುವುದಕ್ಕೆ ಹಿಡಿಯುವ ಹೊತ್ತು ಹೆಚ್ಚು, ವೈರಸ್ಸನ್ನು ದಾಟಿಸುವುದಕ್ಕೆ ಬೇಕಾದ ಹೊತ್ತು ಕಡಮೆ. ಅಲ್ಲದೆ, ಔಷಧಿಯ ಕಿರಿಕಿರಿಗೆ ಎದ್ದ ಹೇನುಗಳು ಒಂದೆಡೆ ಕೂರದೆ ಗಿಡದಿಂದ ಗಿಡಕ್ಕೆ ಅಲೆದು ಹೆಚ್ಚು ಕಡೆ ಚುಚ್ಚುವ ಸಂಭವವುಂಟು. ಇಂಥ ನಿಮಿಷದ ಸಾಗಾಟದ ರೋಗಗಳಲ್ಲಿ ಬರಿಯ ಕೀಟನಾಶಕದಿಂದ ಹೆಚ್ಚು ಪ್ರಯೋಜನವಿಲ್ಲವೆಂಬುದು ಸಸ್ಯರೋಗ ಶಾಸ್ತ್ರಜ್ಞರು ಬಹುಕಾಲದಿಂದ ಬಲ್ಲ ಸಂಗತಿ. ಅದು ನಮ್ಮ ಕಣಿವೆಯನ್ನು ಮಾತ್ರ ತಲಪಿರಲಿಲ್ಲ.

ಕಟ್ಟೆಗೆ ಮದ್ದಿಲ್ಲ, ಉಪಾಯವುಂಟು. ಗೆರೆ ಕಂಡ ಬುಡವನ್ನು ಕಂಡ ದಿನವೇ ಬೇರುಸಹಿತ ಕಿತ್ತು ನಾಶಮಾಡುವುದು. ತೋಟದ ಸುತ್ತಲಿನ ಕೆಸುವನ್ನೂ ಒಣಗಿದ ಎಲೆಗವಚಗಳನ್ನೂ ತೆಗೆದು ಹೇನಿಗೆ ಮನೆಯಿಲ್ಲದಂತೆ ಮಾಡುವುದು. ಕಂದುಗಳನ್ನು ರೋಗವಿಲ್ಲದ ತೋಟದಿಂದ ಮಾತ್ರ ತರುವುದು. ಕಟ್ಟೆ ಬೀಜದಿಂದ ಬರುವುದಿಲ್ಲ, ಕಂದುವಿನಿಂದ ಬರುತ್ತದೆ. ಕೊಡಗಿನ ಅಪ್ಪಂಗಳದ ಸಂಶೋಧನಾ ಕೇಂದ್ರದವರು ಕಟ್ಟೆಯನ್ನು ತಡೆದುಕೊಳ್ಳುವ 'ವಿಜೇತ' ಎಂಬ ತಳಿಯನ್ನೂ ಕೊಟ್ಟಿದ್ದಾರೆ. ಸೋಂಕು ತಗುಲಿದ ಗಿಡದಲ್ಲಿ ಗುರುತು ಕಾಣುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ ಎಂಬುದನ್ನು ಇಲ್ಲಿ ನೆನಪಿಡಬೇಕು. ನೋಡುವುದಕ್ಕೆ ಲಕ್ಷಣವಾಗಿದ್ದ ಕಂದುವಿನೊಳಗೆ ರೋಗ ಕುಳಿತಿರಬಹುದು.

ಮಿತ್ರರೇ, ಈಗ ಲೆಕ್ಕ ಹಾಕಿ. ನಮ್ಮ ತೋಟದಲ್ಲಿ ಮೊದಲು ಗೆರೆ ಕಂಡುದು ಬೇಲಿಯ ಮಗ್ಗುಲಿನಲ್ಲಲ್ಲ. ನಡುವೆ, ಹೊಸ ಕಂದುಗಳ ಸಾಲಿನಲ್ಲಿ. ನೆರೆಯವರ ಗಿಡಗಳಲ್ಲಿ ಅದು ಕಂಡುದು ಮರುವರ್ಷ, ಅದೂ ನಮ್ಮ ಬೇಲಿಯ ಕಡೆಗೆ. ರೋಗವನ್ನು ಅವರು ನಮಗೆ ಕೊಡಲಿಲ್ಲ; ನಾವು ಅವರಿಗೆ ಕೊಟ್ಟೆವು. ಬೇಲಿಯನ್ನು ದಾಟಿಸಿದ್ದು ಹೇನು. ಆದರೆ ಊರಿಗೇ ತಂದವರು ನಾವು, ಗಾಡಿಯಲ್ಲಿ ಹೇರಿಕೊಂಡು, ಒದ್ದೆ ಗೋಣಿ ಹೊದಿಸಿ, ಜೋಪಾನವಾಗಿ!

ಇನ್ನು ಗಂಧದ ಮರದ ಕಡೆಗೆ ಬರೋಣ. ಇದರ ಕಥೆ ದೊಡ್ಡದು, ಸಾಗಾಟದ ರೀತಿಯೂ ಬೇರೆ.

ಮೈಸೂರು ಸಂಸ್ಥಾನದಲ್ಲಿ ಗಂಧ ರಾಜವೃಕ್ಷವೆನಿಸಿತ್ತು. ಅದರಿಂದ ಬೊಕ್ಕಸಕ್ಕೆ ಬರುತ್ತಿದ್ದ ಆದಾಯ ಅಲ್ಪವಲ್ಲ. ೧೮೯೯ರಲ್ಲಿ ಕೊಡಗಿನ ಕಾಡಿನಲ್ಲಿ ಒಂದು ವಿಚಿತ್ರ ರೋಗವನ್ನು ಮೆಕಾರ್ಥಿ ಎಂಬ ಅಧಿಕಾರಿ ವರದಿ ಮಾಡಿದರು. ಮರದ ಎಲೆಗಳು ಬರಬರುತ್ತ ಸಣ್ಣವಾಗಿ, ಬಣ್ಣಗೆಟ್ಟು, ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ರೆಂಬೆಯ ಸುತ್ತ ಬಿರುಸಾಗಿ ಸೆಟೆದು ನಿಲ್ಲುತ್ತವೆ. ದೂರದಿಂದ ನೋಡಿದರೆ ರೆಂಬೆ ಒಂದು ತೆನೆಯಂತೆ ಕಾಣುತ್ತದೆ. ಆಂಗ್ಲರು 'ಸ್ಪೈಕ್' ಎಂದು ಕರೆದುದು ಅದಕ್ಕೇ. ರೋಗ ಬಲಿತ ಮರ ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಎರಡು ಮೂರು ವರ್ಷಗಳಲ್ಲಿ ಒಣಗುತ್ತದೆ. ಅದು ಕೊಡಗಿನಿಂದ ಮೈಸೂರಿಗೆ ಹಬ್ಬಿ, ಲಕ್ಷಗಟ್ಟಲೆ ಮರಗಳನ್ನು ಕಡಿದುಹಾಕಬೇಕಾಯಿತು. ೧೯೦೭ರಲ್ಲಿ, ಪರಿಹಾರ ಕಂಡುಹಿಡಿದವರಿಗೆ ೧೦,೦೦೦ ರೂಪಾಯಿಗಳ ಬಹುಮಾನ ಕೊಡುವುದಾಗಿ ಮೈಸೂರಿನಿಂದ ಪ್ರಕಟವಾಯಿತು. ಅಂದಿನ ಹತ್ತು ಸಾವಿರವೆಂದರೆ ಒಂದು ಸಂಸ್ಥಾನದ ಆತಂಕದ ಅಳತೆ.

ಆಗ ಕೆಲವರು ಕಾಡುಬೆಂಕಿಯನ್ನು ದೂರಿದರು, ಕೆಲವರು ಲಂಟಾನವನ್ನು ದೂರಿದರು, ಕೆಲವರು ಮಣ್ಣನ್ನೂ ಬರವನ್ನೂ ದೂರಿದರು. ಮೈಸೂರಿನ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್‌ಮನ್ ಅವರು ದೂರುವುದನ್ನು ಬಿಟ್ಟು ಪ್ರಯೋಗ ಮಾಡಿದರು. ಇವರೇ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆಯನ್ನು ನಮ್ಮ ಮಲೆನಾಡಿಗೆ ಕಲಿಸಿದ ಮಹನೀಯರು. ರೋಗದ ಮರದ ಕಡ್ಡಿಯನ್ನು ಆರೋಗ್ಯವಾದ ಮರಕ್ಕೆ ಕಸಿಮಾಡಿದರೆ ರೋಗ ಅಂಟುತ್ತದೆಂಬುದನ್ನು ಅವರು ೧೯೧೭ರಲ್ಲಿ ಪ್ರಕಟಿಸಿದರು. ಅಂಟುವ ರೋಗವೆಂದ ಮೇಲೆ ಒಳಗೆ ಯಾವುದೋ ಜೀವಿಯಿರಬೇಕು. ಕಾಡಿನಲ್ಲಿ ಯಾರೂ ಕಸಿ ಕಟ್ಟುವುದಿಲ್ಲವಾದ್ದರಿಂದ ಅದನ್ನು ಹೊರುವವರೂ ಯಾರೋ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀ ಶ್ರೀನಿವಾಸಯ್ಯನವರೂ ಅವರ ಸಂಗಡಿಗರೂ ವರ್ಷಗಳ ಕಾಲ ಇದನ್ನು ಬೆನ್ನಟ್ಟಿದರು. ೧೯೩೦ರ ದಶಕದಿಂದ ಜಿಗಿಹುಳುಗಳ ಮೇಲೆ ಬೆರಳು ಹೋಯಿತು. ಮುಂದೆ ಭತ್ತದ ಗದ್ದೆಗಳಲ್ಲಿ ಕಾಣುವ ಹಸಿರು ಜಿಗಿಹುಳುವಿನ ಹೆಸರೂ ಆ ಪಟ್ಟಿಗೆ ಸೇರಿತು. ಕಾಡಿನಲ್ಲಿ ಹೆಚ್ಚಿನ ಹೊರೆ ಹೊರುವ ಹುಳು ಯಾವುದೆಂಬ ಚರ್ಚೆ ಇನ್ನೂ ಪೂರ್ಣವಾಗಿ ಮುಗಿದಿಲ್ಲ.

ರೋಗಕಾರಕವನ್ನು ಬಹುಕಾಲ ವೈರಸ್ಸೆಂದೇ ಭಾವಿಸಲಾಗಿತ್ತು. ೧೯೬೭ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಕುಬ್ಜರೋಗ ಮೊದಲಾದುವುಗಳಲ್ಲಿ ವೈರಸ್ಸಿನ ಬದಲು ಕೋಶಭಿತ್ತಿಯಿಲ್ಲದ ಅತಿ ಸೂಕ್ಷ್ಮ ಬ್ಯಾಕ್ಟೀರಿಯಾ ಜಾತಿಯ ಜೀವಿಗಳನ್ನು ಕಂಡರು. ಎರಡೇ ವರ್ಷಗಳಲ್ಲಿ, ೧೯೬೯ರಲ್ಲಿ, ಗಂಧದ ಮರದ ಆಹಾರನಾಳಗಳಲ್ಲಿಯೂ ಅಂಥವೇ ಜೀವಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡುಬಂದುವು. ಅವನ್ನು ಈಗ ಫೈಟೋಪ್ಲಾಸ್ಮಾ ಎನ್ನುತ್ತಾರೆ. ರೋಗ ಮೊದಲು ಕಂಡು ಅದರ ಕಾರಣ ಕಾಣುವುದಕ್ಕೆ ಎಪ್ಪತ್ತು ವರ್ಷಗಳು ಹಿಡಿದುವು!

ಈ ಫೈಟೋಪ್ಲಾಸ್ಮಾದ ಬದುಕು ಕಟ್ಟೆಯ ವೈರಸ್ಸಿನದರಂತಲ್ಲ. ಜಿಗಿಹುಳು ರೋಗದ ಮರದ ನಾಳದಿಂದ ರಸ ಹೀರಿದಾಗ ಅದು ಹುಳುವಿನ ಕರುಳಿಗೆ ಹೋಗುತ್ತದೆ. ಕರುಳಿನ ಗೋಡೆಯನ್ನು ದಾಟಿ ದೇಹದ್ರವಕ್ಕೆ ಇಳಿಯುತ್ತದೆ. ಅಲ್ಲಿ ಬೆಳೆದು, ಕೊನೆಗೆ ಜೊಲ್ಲಿನ ಗ್ರಂಥಿಗಳನ್ನು ಸೇರುತ್ತದೆ. ಈ ಯಾತ್ರೆಗೆ ಸಾಮಾನ್ಯವಾಗಿ ಕೆಲವು ವಾರಗಳೇ ಬೇಕು. ಆಮೇಲೆ ಹುಳು ಬದುಕಿರುವವರೆಗೂ ಚುಚ್ಚಿದ ಗಿಡಗಳಿಗೆ ರೋಗವನ್ನು ಹಂಚಬಲ್ಲದು. ಇಲ್ಲಿ ಹುಳು ಬರಿಯ ಅಂಚೆಯವನಲ್ಲ. ರೋಗಾಣುವಿಗೆ ಅದು ಎರಡನೆಯ ಮನೆ.

ಸಾಗಾಟದ ಈ ಎರಡು ರೀತಿಗಳಿಗೆ ತಕ್ಕಂತೆ ರೋಗಾಣುಗಳು ಗಿಡವನ್ನೇ ಮಾರ್ಪಡಿಸುತ್ತವೆ ಎಂಬುದು ಈಚಿನ ವರ್ಷಗಳಲ್ಲಿ ತಿಳಿದುಬಂದಿರುವ ಆಶ್ಚರ್ಯದ ಸಂಗತಿ. ೨೦೧೦ರಲ್ಲಿ ಅಮೆರಿಕದ ವಿಜ್ಞಾನಿಗಳು ಕುಂಬಳದ ಜಾತಿಯ ಗಿಡಗಳ ಮೇಲೆ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸೌತೆಯ ಮೊಸಾಯಿಕ್ ವೈರಸ್ ತಗುಲಿದ ಗಿಡದ ವಾಸನೆ ಹೇನನ್ನು ಸೆಳೆಯುತ್ತದೆ. ಆದರೆ ಬಂದು ರುಚಿ ನೋಡಿದ ಹೇನಿಗೆ ಅಲ್ಲಿ ಊಟ ಹಿಡಿಸುವುದಿಲ್ಲ, ಬೇಗನೆ ಎದ್ದು ಬೇರೆಡೆಗೆ ಹೋಗುತ್ತದೆ. ಈ ವೈರಸ್ ಕೂಡ ಕಟ್ಟೆಯದರಂತೆ ನಿಮಿಷದ ಸಾಗಾಟದ್ದು. ಹೇನು ಬಂದು, ಚುಚ್ಚಿ, ಓಡಿಹೋದರೇ ಅದಕ್ಕೆ ಲಾಭ. ಹೊರಗೆ ಒಗ್ಗರಣೆಯ ಘಮಘಮ, ಒಳಗೆ ಹಳಸಿದ ಅನ್ನ!

ಫೈಟೋಪ್ಲಾಸ್ಮಾಗೆ ಬೇಕಾದುದು ಇದರ ವಿರುದ್ಧ. ಹುಳು ಬಹಳ ಹೊತ್ತು ಕೂತು ನಾಳದ ರಸ ಹೀರಬೇಕು, ಅಲ್ಲೇ ಮೊಟ್ಟೆಯಿಟ್ಟು ಮರಿಮಾಡಬೇಕು. ಇಂಗ್ಲೆಂಡಿನ ನಾರ್ವಿಚ್ಚಿನಲ್ಲಿರುವ ಜಾನ್ ಇನ್ನಸ್ ಕೇಂದ್ರದವರು ಸಾಸಿವೆಯ ಬಂಧುವಾದ ಒಂದು ಪುಟ್ಟ ಗಿಡದ ಮೇಲೆ ಇದನ್ನು ಪರೀಕ್ಷಿಸಿದರು. ಅವರು ಬಳಸಿದ ಫೈಟೋಪ್ಲಾಸ್ಮಾ ನಮ್ಮ ಗಂಧದ ರೋಗಾಣುವಿನ ಬಳಗಕ್ಕೇ ಸೇರಿದ್ದು. ಅದು ಹೊರಸೂಸುವ ಒಂದು ಪ್ರೊಟೀನು ಗಿಡದ ರಕ್ಷಣಾ ರಸವನ್ನು ಕುಗ್ಗಿಸುತ್ತದೆಂದೂ, ಅಂಥ ಗಿಡದ ಮೇಲೆ ಜಿಗಿಹುಳು ಹೆಚ್ಚು ಸಂತಾನ ಪಡೆಯುತ್ತದೆಂದೂ ೨೦೧೧ರಲ್ಲಿ ತೋರಿಸಿದರು. ಇನ್ನೊಂದು ಪ್ರೊಟೀನು ಹೂವನ್ನು ಎಲೆಯಾಗಿ ಮಾರ್ಪಡಿಸುತ್ತದೆಂಬುದೂ, ಆ ಗಿಡವನ್ನು ಹುಳುಗಳು ಹೆಚ್ಚು ಬಯಸುತ್ತವೆಂಬುದೂ ೨೦೧೪ರಲ್ಲಿ ಪ್ರಕಟವಾಯಿತು. ೨೦೨೧ರಲ್ಲಿ ಕಂಡ ಮೂರನೆಯ ಪ್ರೊಟೀನು ಗಿಡಕ್ಕೆ ಮುಪ್ಪು ಬಾರದಂತೆ ತಡೆದು, ಕವಲು ಕವಲಾಗಿ ಎಲೆ ಬಿಡಿಸುತ್ತಲೇ ಇರುತ್ತದೆ. ಈ ಪ್ರಯೋಗಗಳು ಗಂಧದ ಮರದ ಮೇಲೆ ನಡೆದುವಲ್ಲ, ನಿಜ. ಆದರೂ ಹೂ ಬಿಡದೆ, ಕಾಯಿ ಕಟ್ಟದೆ, ಬರಿಯ ಪುಟ್ಟ ಎಲೆಗಳನ್ನೇ ಚಿಗುರಿಸುತ್ತ ನಿಂತ ಸ್ಪೈಕ್ ರೋಗದ ಮರವನ್ನು ಕಂಡವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಆ ಮರ ಬದುಕುತ್ತಿರುವುದು ತನಗಾಗಿ ಅಲ್ಲ. ತನ್ನೊಳಗಿನ ಒಡೆಯನಿಗಾಗಿ, ಆ ಒಡೆಯನ ವಾಹನಕ್ಕಾಗಿ.

ಮೂರನೆಯ ಉದಾಹರಣೆ ಕೋಲಾರದ್ದು. ಟೊಮ್ಯಾಟೊ ಎಲೆ ಮುದುರುವ ರೋಗವನ್ನು ಹೊರುವುದು ಬಿಳಿನೊಣ. ಆ ವೈರಸ್ಸೂ ನೊಣದ ದೇಹವನ್ನು ಹೊಕ್ಕು ಬಹುಕಾಲ ಉಳಿಯುವಂಥದು. ೧೯೯೯ರಲ್ಲಿ ಕೋಲಾರದ ಕಡೆಯ ಟೊಮ್ಯಾಟೊ ಬೆಳೆಯ ಮೇಲೆ ಬಿಳಿನೊಣದ ಒಂದು ಹೊಸ ಪಂಗಡ ಕಾಣಿಸಿಕೊಂಡಿತು. ಅದು ಟೊಮ್ಯಾಟೊ ಗಿಡದ ಮೇಲೆ ಹಳೆಯ ಪಂಗಡಕ್ಕಿಂತ ಹುಲುಸಾಗಿ ಬೆಳೆಯುವಂಥದು. ಅದರೊಡನೆ ರೋಗ ಭೀಕರವಾಯಿತು. ಗಿಡ ಅದೇ, ರೋಗದ ಜಾತಿಯೂ ಅದೇ. ವಾಹಕ ಬದಲಾದದ್ದರಿಂದ ರೈತನ ಭವಿಷ್ಯವೇ ಬದಲಾಯಿತು. ಆಗ ದಾರಿ ತೋರಿಸಿದುದು ಬರಿಯ ಔಷಧಿಯಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರೋಗನಿರೋಧಕ ತಳಿಗಳಾದ ಸಂಕ್ರಾಂತಿ, ನಂದಿ, ವೈಭವಗಳನ್ನು ಕೊಟ್ಟರು. ಸಸಿಮಡಿಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ ಎಳೆತನದಲ್ಲಿ ನೊಣ ಮುಟ್ಟದಂತೆ ಸಸಿ ಬೆಳೆಸುವ ಪದ್ಧತಿ ಬಂದಿತು. ಮೂವರ ಸಂಸಾರದಲ್ಲಿ ಎಲ್ಲಿ ಕೈಹಾಕಿದರೆ ಕೊಂಡಿ ಕಳಚುತ್ತದೆಂಬುದನ್ನು ತಿಳಿದು ಮಾಡಿದ ಕೆಲಸ ಇದು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯಗಳನ್ನು ನೇರವಾಗಿ ಮುಂದಿಡುತ್ತೇನೆ.

ಮೊದಲನೆಯದು, 'ಹುಳು ಕಂಡರೆ ಕೊಲ್ಲು' ಎಂಬ ಒಂದೇ ಮಂತ್ರವನ್ನು ನಾವು ಬಿಡಬೇಕು. ಔಷಧಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ವಾರಗಟ್ಟಲೆ ರೋಗಾಣುವನ್ನು ಒಳಗಿಟ್ಟುಕೊಳ್ಳುವ ಕೀಟಗಳ ವಿಷಯದಲ್ಲಿ ಅದು ಸ್ವಲ್ಪ ನೆರವಾದೀತು. ನಿಮಿಷದಲ್ಲಿ ದಾಟಿಸುವ ಹೇನಿನ ವಿಷಯದಲ್ಲಿ ಹಣ ದಂಡ. ಯಾವ ರೋಗಕ್ಕೆ ಯಾವುದು ಎಂಬುದನ್ನು ಹೇಳದೆ ಡಬ್ಬಿಯನ್ನು ಮಾತ್ರ ಕೈಗೆ ಕೊಡುವುದು ರೈತನಿಗೆ ಮಾಡುವ ಉಪಕಾರವಲ್ಲ.

ಎರಡನೆಯದು, ಕಿತ್ತುಹಾಕುವ ಕಷ್ಟವನ್ನು ಒಬ್ಬನ ತಲೆಗೇ ಕಟ್ಟಬಾರದು. ರೋಗದ ಗಿಡವನ್ನು ಕೀಳಿರೆಂದು ಹೇಳುವುದು ಸುಲಭ. ಅರ್ಧ ಕಾಯಿ ಬಿಡುತ್ತಿರುವ ಬುಡವನ್ನು ಕೀಳುವುದಕ್ಕೆ ಬಡವನ ಕೈ ಬಾರದು. ಅವನು ಇಂದಿನ ಅರ್ಧ ಕಾಯಿಯನ್ನು ನೋಡುತ್ತಾನೆ; ನಾಳೆ ನೆರೆಯವನಿಗೆ ಆಗುವ ನಷ್ಟ ಅವನ ಲೆಕ್ಕದಲ್ಲಿ ಇರುವುದಿಲ್ಲ. ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ, ಒಬ್ಬನ ವ್ಯವಹಾರದ ವೆಚ್ಚ ಹೊರಗಿನವರ ಮೇಲೆ ಬೀಳುವ ವಿಚಾರವನ್ನು ಕಾರ್ಖಾನೆಯ ಹೊಗೆಯ ಉದಾಹರಣೆಯಿಂದ ಕಲಿಸುತ್ತಾರೆ. ರೋಗದ ಒಂದು ಬುಡವೂ ಅಂಥದೇ ಹೊಗೆ. ಅದನ್ನು ಕೀಳುವುದರಿಂದ ಇಡೀ ಕಣಿವೆಗೆ ಲಾಭವಾಗುವುದಾದರೆ, ಕಿತ್ತವನ ನಷ್ಟದಲ್ಲಿ ಒಂದು ಪಾಲನ್ನು ಕಣಿವೆಯವರೂ ಸರ್ಕಾರವೂ ಹೊರುವುದು ನ್ಯಾಯ. ಊರಿನ ಸಹಕಾರ ಸಂಘದ ಮೂಲಕ ಎಲ್ಲರೂ ಒಂದೇ ವಾರದಲ್ಲಿ ಕಿತ್ತರೆ ಫಲವುಂಟು. ಒಬ್ಬ ಕಿತ್ತು ಹತ್ತು ಮಂದಿ ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. 'ನನ್ನ ತೋಟ, ನನ್ನ ಗಿಡ. ಇಟ್ಟುಕೊಳ್ಳುತ್ತೇನೋ ಕೀಳುತ್ತೇನೋ, ಕೇಳುವುದಕ್ಕೆ ನೀವು ಯಾರು?' ಈ ಮಾತಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಬಲಾತ್ಕಾರದಿಂದ ಕೀಳಿಸಿದರೆ ಜನ ರೋಗವನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. ಆದ್ದರಿಂದಲೇ ನಾನು ಕಾನೂನಿಗಿಂತ ಮೊದಲು ತಿಳಿವಳಿಕೆಯನ್ನೂ ಪರಿಹಾರಧನವನ್ನೂ ಕೇಳುತ್ತೇನೆ. ಆದರೆ ಹೇನಿಗೂ ಜಿಗಿಹುಳುವಿಗೂ ಸರ್ವೆ ನಂಬರು ತಿಳಿಯದು ಎಂಬುದನ್ನು ಆಕ್ಷೇಪಿಸುವವರೂ ನೆನೆಯಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ದೂರದ ಪ್ರಯಾಣದಲ್ಲಿ ರೋಗದ ದೊಡ್ಡ ವಾಹಕ ಮನುಷ್ಯನೇ. ಹೇನು ಬೇಲಿ ದಾಟಿಸುತ್ತದೆ; ಮನುಷ್ಯ ಜಿಲ್ಲೆ ದಾಟಿಸುತ್ತಾನೆ. ೨೦೦೧ರಲ್ಲಿ ಕಾಯಿದೆ ತಿದ್ದುಪಡಿಯಾಗಿ, ತನ್ನ ಜಮೀನಿನಲ್ಲಿ ಬೆಳೆದ ಗಂಧಕ್ಕೆ ರೈತನೇ ಒಡೆಯನೆಂದಾಯಿತು. ಅಂದಿನಿಂದ ಬಯಲುಸೀಮೆಯಲ್ಲಿಯೂ ಗಂಧದ ತೋಟಗಳು ಎದ್ದಿವೆ. ಸಂತೋಷದ ಸಂಗತಿಯೇ. ಆದರೆ ಲಕ್ಷಗಟ್ಟಲೆ ಸಸಿಗಳು ನರ್ಸರಿಗಳಿಂದ ಲಾರಿಗಳಲ್ಲಿ ಹೊರಡುತ್ತಿರುವಾಗ, ಅವುಗಳೊಳಗೆ ಫೈಟೋಪ್ಲಾಸ್ಮಾ ಇಲ್ಲವೆಂದು ಯಾರು ಹೇಳಬೇಕು? ಕಣ್ಣಿಗೆ ಹಸಿರಾಗಿ ಕಂಡುದೆಲ್ಲ ಆರೋಗ್ಯವಲ್ಲವೆಂಬ ಪಾಠವನ್ನು ನಮ್ಮ ತಾತ ಎರಡು ಎಕರೆ ಕೊಟ್ಟು ಕಲಿತರು. ಸಸಿಯ ನಾಳದಲ್ಲಿರುವ ರೋಗಾಣುವಿನ ಜಾಡನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚುವ ವಿಧಾನ ಇಂದು ಉಂಟು. ಗಂಧದ ಸಸಿ ಮಾರುವ ಪ್ರತಿಯೊಂದು ನರ್ಸರಿಯೂ ಆ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಕೊಡಬೇಕೆಂಬ ನಿಯಮ ಬಿಗಿಯಾಗಿ ನಡೆಯಬೇಕು. ರೋಗ ಹಬ್ಬಿದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಇಲ್ಲ. ಟೆಟ್ರಾಸೈಕ್ಲಿನ್ ಮದ್ದನ್ನು ಮರಕ್ಕೆ ಕೊಟ್ಟರೆ ಕೆಲವು ಕಾಲ ಚೇತರಿಸಿಕೊಂಡು ರೋಗ ಮರಳುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಿಂದ ಏನು ಫಲ?

ಕೊನೆಯದಾಗಿ, ಕಲಾ ವಿದ್ಯಾರ್ಥಿಗಳಾದ ನಮ್ಮ ಪಾಲಿನ ಕೆಲಸ. ಪ್ರಯೋಗಾಲಯ ನಮಗಿಲ್ಲ; ಭಾಷೆ ನಮಗುಂಟು. ಮೇಲೆ ಹೇಳಿದ ಸಂಗತಿಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿಯೇ ಉಳಿದಿವೆ. ಅವನ್ನು ರೈತನ ಕನ್ನಡಕ್ಕೆ ತರುವುದು ಯಾರ ಕೆಲಸ? 'ಕಟ್ಟೆ' ಎಂಬ ಹೆಸರನ್ನು ಆ ರೋಗಕ್ಕೆ ಇಟ್ಟವರು ವಿಜ್ಞಾನಿಗಳಲ್ಲ, ತೋಟದ ಜನ. ವಿಜ್ಞಾನಿಗಳು ಆ ಹೆಸರನ್ನೇ ತಮ್ಮ ಪುಸ್ತಕಗಳಿಗೆ ತೆಗೆದುಕೊಂಡರು. ನಮ್ಮವರಿಗೆ ಕಣ್ಣಿದೆ, ಮಾತಿದೆ. ಸೇರಿಸಿ ಹೇಳುವವರು ಬೇಕಾಗಿದ್ದಾರೆ. ಮುಂದಿನ ವರ್ಷದ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಹಳ್ಳಿಯ ರಸ್ತೆಯನ್ನು ಗುಡಿಸುವುದರ ಜೊತೆಗೆ, ಒಂದು ದಿನ ತೋಟದಿಂದ ತೋಟಕ್ಕೆ ನಡೆದು, ಯಾವ ಮೂಲೆಯಲ್ಲಿ ಯಾವ ವರ್ಷ ರೋಗ ಮೊದಲು ಕಂಡಿತು, ಸಸಿ ಎಲ್ಲಿಂದ ಬಂದಿತ್ತು ಎಂಬುದನ್ನು ಕೇಳಿ ಬರೆದುಕೊಂಡು ಬರೋಣ. ಅದೂ ಚರಿತ್ರೆಯೇ. ಅಂಥ ಒಂದು ಪುಟ ಹನ್ನೆರಡು ವರ್ಷಗಳ ಹಿಂದೆ ನಮ್ಮ ಕಣಿವೆಯಲ್ಲಿ ಯಾರ ಕೈಯಲ್ಲಾದರೂ ಇದ್ದಿದ್ದರೆ!

ಕಳೆದ ದಸರೆಯ ರಜೆಯಲ್ಲಿ ನಾನು ಇದೆಲ್ಲವನ್ನೂ ತಾತನವರಿಗೆ ತಿಳಿಯಹೇಳಿದೆ. ಜಗಲಿಯ ಮೇಲೆ ಕಾಗದ ಹಾಸಿ, ಹೊಸ ಕಂದುಗಳ ಸಾಲನ್ನೂ ಬೇಲಿಯನ್ನೂ ಗೆರೆ ಎಳೆದು ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನೇ ತಂದೆನೋ?" ಎಂದರು. ನಾನು ಉತ್ತರ ಹೇಳಲಿಲ್ಲ. ಮರುದಿನ ಬೆಳಗ್ಗೆ ಅವರು ಕೋಲು ಹಿಡಿದು ಬೇಲಿಯ ಸಂದಿನಿಂದ ನೆರೆಯವರ ಅಂಗಳಕ್ಕೆ ಇಳಿಯುವುದನ್ನು ಅಡಿಗೆಮನೆಯ ಕಿಟಕಿಯಿಂದ ಅಜ್ಜಿಯೂ ನಾನೂ ನೋಡಿದೆವು. ಅಲ್ಲಿ ಏನು ಮಾತಾಯಿತೋ ತಿಳಿಯದು. ಹಿಂದಿರುಗುವಾಗ ಅವರ ಕೈಯಲ್ಲಿ ಒಂದು ಚಿಪ್ಪು ಬಾಳೆಯ ಹಣ್ಣಿತ್ತು.

— ಒಬ್ಬ ಅಂತಿಮ ಬಿ. ಎ. ವಿದ್ಯಾರ್ಥಿ